ಕಡೆಯುವ ಕಲ್ಲಿನಿಂದ ಗ್ರೈಂಡರಿನವರೆಗೆ: ನಮ್ಮ ಅಡುಗೆಮನೆಗಳ ಇತಿಹಾಸ

ಸಂಘದ ರಜತ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಸಾಲ, ಠೇವಣಿ, ಷೇರು ಬಂಡವಾಳಗಳ ವಿವರ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ನಾವು ಇಲ್ಲಿ ಬರೆಯಹೊರಟದ್ದು ಯಾವ ವಾರ್ಷಿಕ ವರದಿಯಲ್ಲೂ ಬಾರದ ಒಂದು ಸಂಗತಿಯನ್ನು. ಅದು ನಮ್ಮ ಮನೆಗಳ ಅಡುಗೆಕೋಣೆ, ಅಲ್ಲಿ ದುಡಿದ ಕಲ್ಲು, ಮಣೆ, ಒರಳುಗಳು, ಅವುಗಳ ನೆರವಿನಿಂದ ತಯಾರಾದ ತಿಂಡಿ ತಿನಿಸುಗಳು. ಊರಿನ ಇತಿಹಾಸ ಎಂದರೆ ದೇವಸ್ಥಾನ, ಗುತ್ತಿನ ಮನೆ, ಬಂದರು, ಹಂಚಿನ ಕಾರ್ಖಾನೆ ಎಂದು ಬರೆಯುವುದು ರೂಢಿ. ಅದೂ ಬೇಕು, ಬೇಡವೆನ್ನುವುದಿಲ್ಲ. ಆದರೆ ಒಲೆಯ ಬುಡದ ಕತೆಯನ್ನು ಬಿಟ್ಟರೆ ಊರಿನ ಅರ್ಧ ಜನರ ದುಡಿಮೆಯನ್ನೇ ಬಿಟ್ಟ ಹಾಗೆ.

ಮಂಗಳೂರಿಗೆ 1980ರಲ್ಲಿ ಮಹಾನಗರಪಾಲಿಕೆ ಬಂತು. ಸುತ್ತಲಿನ ಹಳ್ಳಿಗಳು ಒಂದೊಂದಾಗಿ ಪೇಟೆಯೊಳಗೆ ಸೇರಿಕೊಂಡವು. ಬೈಲುಗದ್ದೆ ಇದ್ದಲ್ಲಿ ಫ್ಲ್ಯಾಟು ಎದ್ದಿದೆ. ಆದರೂ ಹಳೆಯ ಮನೆಗಳ ಹಿಂಬದಿಗೆ ಹೋಗಿ ನೋಡಿ, ತೆಂಗಿನ ಬುಡದಲ್ಲಿ ಒಂದು ಕಡೆಯುವ ಕಲ್ಲು ಬಿದ್ದುಕೊಂಡಿರುವುದುಂಟು. ಮಳೆಗಾಲದಲ್ಲಿ ಅದರ ಗುಳಿಯಲ್ಲಿ ನೀರು ನಿಂತು ಸೊಳ್ಳೆ ಹುಟ್ಟುತ್ತದೆಂದು ಅದನ್ನು ಕವುಚಿ ಹಾಕಬೇಕಾದ ಕಾಲ ಇದು. ಮಲೇರಿಯದ ಕಾಟ ಕಂಡ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ತಲೆಮಾರಿನ ಮಕ್ಕಳಿಗೆ ಮಾತ್ರ ಈ ಕಲ್ಲಿನ ವಿಚಾರ ಬಿಡಿಸಿಯೇ ಹೇಳಬೇಕು. ಗಟ್ಟಿ ಕರಿಗಲ್ಲಿನ ಒಂದು ದಿಮ್ಮಿ, ಅದರ ನಡುವೆ ಗುಳಿ, ಗುಳಿಯೊಳಗೆ ಕೂರುವ ಗುಂಡುಕಲ್ಲು. ಒಂದು ಕೈಯಲ್ಲಿ ಗುಂಡನ್ನು ತಿರುಗಿಸುತ್ತಾ ಇನ್ನೊಂದು ಕೈಯಿಂದ ಹಿಟ್ಟನ್ನು ಒಳಕ್ಕೆ ನೂಕುತ್ತಾ ಇರಬೇಕು. ಎರಡು ಕೈಗಳ ಲಯ ತಪ್ಪಿದರೆ ಬೆರಳು ಕಲ್ಲಿನಡಿಗೆ. ಚಪ್ಪಟೆ ಅರೆಯುವ ಕಲ್ಲು ಬೇರೆ, ಒಣ ಕಾಳು ಒಡೆಯಲಿಕ್ಕೆ ಎರಡು ಬಿಲ್ಲೆಯ ಬೀಸುವ ಕಲ್ಲು ಬೇರೆ, ಭತ್ತ ಕುಟ್ಟಲಿಕ್ಕೆ ಒರಳು ಒನಕೆ ಬೇರೆ. ವರ್ಷಗಟ್ಟಲೆ ತಿರುಗಿಸಿದ ಕಲ್ಲು ಸವೆದು ನುಣುಪಾಗುತ್ತದೆ, ಆಮೇಲೆ ಅದರಲ್ಲಿ ಏನೂ ನುಣ್ಣಗಾಗುವುದಿಲ್ಲ. ಆಗ ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗುತ್ತಾ ಬರುವವರನ್ನು ಕರೆದು ಕಲ್ಲನ್ನು ಕುಟ್ಟಿಸಿ ಮತ್ತೆ ಒರಟು ಮಾಡಿಸಬೇಕಿತ್ತು. ಆ ದಿನದ ಮೊದಲ ಹಿಟ್ಟಿನಲ್ಲಿ ಕಲ್ಲಿನ ಹುಡಿ ಬರುವುದರಿಂದ ಅದನ್ನು ದನಕ್ಕೆ ಹಾಕುತ್ತಿದ್ದರು.

ನಮ್ಮ ಕರಾವಳಿಯಲ್ಲಿ ಈ ಕಲ್ಲಿಗೆ ಬಿಡುವೇ ಇರಲಿಲ್ಲ. ಕಾರಣ ಸರಳ. ನಮ್ಮ ಊಟದ ಬೇರು ಇರುವುದು ಅಕ್ಕಿ ಮತ್ತು ತೆಂಗಿನಕಾಯಿಯಲ್ಲಿ, ಎರಡನ್ನೂ ನೀರು ಹಾಕಿ ಅರೆಯಲೇಬೇಕು. ಬೆಳಗ್ಗಿನ ನೀರುದೋಸೆ, ಪುಂಡಿ, ಸೇಮಿಗೆ, ಕೊಟ್ಟಿಗೆ ಯಾವುದಾದರೂ ಆಗಲಿ, ನೆನೆಹಾಕಿದ ಅಕ್ಕಿ ಮೊದಲು ಕಲ್ಲಿಗೆ ಹೋಗಬೇಕು. ಮಧ್ಯಾಹ್ನದ ಮೀನಿನ ಗಸಿಗೋ ಕೊದ್ದೆಲಿಗೋ ಮಸಾಲೆ ಗಂಧದ ಹಾಗೆ ಆಗಬೇಕು. ಅಲ್ಲಿಗೆ ದಿನಕ್ಕೆ ಎರಡು ಸಲ ಆಯಿತು. ಮನೆಗೆ ನೆಂಟರು ಬಂದರೆ ಮೂರು ಸಲ. ಕೂಡುಕುಟುಂಬದ ದೊಡ್ಡ ಮನೆಯಲ್ಲಿ ನಾಲ್ಕು ಗಂಟೆಗೇ ಎದ್ದು ಕಲ್ಲಿನ ಮುಂದೆ ಕೂತವರು ಏಳುವಾಗ ಬೆಳಕು ಹರಿಯುತ್ತಿತ್ತು.

ಮಸಾಲೆಯ ಮಾತು ಬಂದಾಗ ಒಂದು ವಿಷಯ ಹೇಳಿಬಿಡುತ್ತೇವೆ. ನಮ್ಮ ಗಸಿಯ ಕೆಂಪು ಬಣ್ಣ ಐನೂರು ವರ್ಷಗಳಿಗಿಂತ ಹಳೆಯದಲ್ಲ. ಕೆಂಪು ಮೆಣಸು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು. ಅದಕ್ಕೆ ಮೊದಲು ಮೆಣಸು ಎಂದರೆ ಬಳ್ಳಿಯಲ್ಲಿ ಬಿಡುವ ಕರಿಮೆಣಸು. ಹೊಸಬ ಬಂದು ಹೆಸರನ್ನೇ ಕಸಿದುಕೊಂಡ ಮೇಲೆ ಹಳೆಯದಕ್ಕೆ ‘ಒಳ್ಳೆಮೆಣಸು’ ಎಂದು ಬೇರೆ ಹೆಸರು ಇಡಬೇಕಾಯಿತು. ಗೇರುಬೀಜವೂ ಅನಾನಸೂ ಹಾಗೆಯೇ ಬಂದವು. ಹಾಗಾಗಿ ಅಪ್ಪಟ ಪುರಾತನ ಅಡುಗೆ ಎಂದು ನಾವು ಎದೆ ತಟ್ಟಿಕೊಳ್ಳುವಾಗ ಸ್ವಲ್ಪ ನೋಡಿಕೊಂಡು ತಟ್ಟಿಕೊಳ್ಳುವುದು ಒಳ್ಳೆಯದು.

ಇನ್ನು ಉಳಿದ ಸಲಕರಣೆಗಳು. ಕಾಯಿ ತುರಿಯಲು ಹೆರೆಮಣೆ, ತರಕಾರಿಗೂ ಮೀನಿಗೂ ಬೇರೆ ಬೇರೆ ಮೆಟ್ಟುಕತ್ತಿ, ಹಬೆಯಲ್ಲಿ ಬೇಯಿಸಲು ತಾಮ್ರದ ಅಟ್ಟಿನಳಗೆ (ಕೆಲವರಲ್ಲಿ ಇದಕ್ಕೆ ತೊಂದೂರು ಎನ್ನುತ್ತಾರೆ), ಸೇಮಿಗೆ ಒತ್ತುವ ಮರದ ಮಣೆ, ಓಡುದೋಸೆಗೆ ಮಣ್ಣಿನ ಓಡು, ಗೆರಟೆಯ ಕೈಲು, ಉಪ್ಪಿನಕಾಯಿಯ ಪಿಂಗಾಣಿ ಭರಣಿ. ಸೇಮಿಗೆ ಮಣೆಯ ಕೆಲಸವಂತೂ ಒಬ್ಬರಿಂದ ಆಗುವಂಥದ್ದಲ್ಲ. ಬೆಂದ ಹಿಟ್ಟಿನ ಉಂಡೆ ಬಿಸಿ ಇರುವಾಗಲೇ ಅಚ್ಚಿಗೆ ಹಾಕಿ ಒಬ್ಬರು ಮೈಭಾರ ಬಿಟ್ಟು ಒತ್ತಬೇಕು, ಇನ್ನೊಬ್ಬರು ಕೆಳಗೆ ಬಾಳೆಲೆ ಹಿಡಿಯಬೇಕು. ತಣ್ಣಗಾದರೆ ಗಂಡಾಳು ನೇತುಬಿದ್ದರೂ ಇಳಿಯುವುದಿಲ್ಲ. ಮನೆಯ ಗಂಡಸರು ಅಡುಗೆಮನೆಗೆ ಕಾಲಿಡುತ್ತಿದ್ದ ಒಂದೇ ಸಂದರ್ಭ ಇದು ಎಂದು ಹಿರಿಯ ಹೆಂಗಸರು ನಗಾಡುವುದುಂಟು.

ತಿಂಡಿಗಳಲ್ಲಿ ನಮಗೆ ಹೆಚ್ಚು ಹೇಳಬೇಕೆನಿಸುವುದು ಹಲಸಿನ ಹಪ್ಪಳದ ವಿಷಯ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಕಡಲಿಗೆ ದೋಣಿ ಇಳಿಯುವುದು ಕಷ್ಟ, ತರಕಾರಿ ಅಪರೂಪ, ಕೈಯಲ್ಲಿ ಕಾಸಿಲ್ಲ. ಅದಕ್ಕೆ ಸ್ವಲ್ಪ ಮೊದಲು, ಬಿಸಿಲು ಸುಡುವಾಗ, ಹಲಸಿನ ಮರ ತುಂಬಿ ನಿಂತಿರುತ್ತದೆ. ಬಲಿತರೂ ಹಣ್ಣಾಗದ ಕಾಯಿಯನ್ನೇ ಇಳಿಸಬೇಕು. ಕೈಗೆ ಎಣ್ಣೆ ಹಚ್ಚಿಕೊಂಡು ಮಯಣ ಒರೆಸುತ್ತಾ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲು ಒರಳಿಗೆ ಹಾಕಿ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಕುಟ್ಟಬೇಕು. ಆಮೇಲೆ ನಿಂಬೆ ಗಾತ್ರದ ಉಂಡೆ, ಎಣ್ಣೆ ಸವರಿದ ಎರಡು ಬಾಳೆಲೆಯ ತುಂಡುಗಳ ನಡುವೆ ಇಟ್ಟು ಮಣೆಯಲ್ಲಿ ಒತ್ತಿದರೆ ಹಪ್ಪಳ. ಸಗಣಿ ಸಾರಿಸಿದ ಅಂಗಳದಲ್ಲಿ ಓಲೆಯ ಚಾಪೆ ಹಾಸಿ ಎರಡು ಮೂರು ಬಿಸಿಲು ಕಾಣಿಸಿ, ಬಾಳೆಯ ನಾರಿನಲ್ಲಿ ಕಟ್ಟು ಕಟ್ಟಿ ಡಬ್ಬಿಗೆ. ಪತ್ತನಾಜೆಯೊಳಗೆ, ಅಂದರೆ ಮೇ 24ರ ಸುಮಾರಿಗೆ, ಈ ಕೆಲಸ ಮುಗಿಯಬೇಕು. ಆಮೇಲೆ ಆಕಾಶವನ್ನು ನಂಬುವ ಹಾಗಿಲ್ಲ. ಕಾಗೆ ಓಡಿಸುವ ಕೆಲಸ ಮಕ್ಕಳದ್ದು, ಹಸಿ ಹಿಟ್ಟು ಕದ್ದು ತಿನ್ನುವ ಕೆಲಸವೂ ಅವರದ್ದೇ. ಇದರ ಜೊತೆಗೆ ಉಪ್ಪುಸೊಳೆ, ಮಾಂಬಳ, ಮಾವಿನ ಮಿಡಿ. ಇವೆಲ್ಲ ಬಾಯಿಚಪಲಕ್ಕೆ ಹುಟ್ಟಿದ ತಿಂಡಿಗಳಲ್ಲ, ಮಳೆಗಾಲದ ಹಸಿವಿಗೆ ಮುಂಗಡವಾಗಿ ಇಟ್ಟ ಠೇವಣಿ. ಸಹಕಾರಿ ಸಂಘದವರಿಗೆ ಈ ಮಾತು ಬೇಗ ಅರ್ಥವಾದೀತು.

ಹಬ್ಬದ ತಿನಿಸುಗಳನ್ನು ಹೇಳಹೊರಟರೆ ಈ ಸಂಚಿಕೆಯೇ ಸಾಲದು. ಆಟಿ ತಿಂಗಳಿನ ಪತ್ರೊಡೆ, ನಾಗರಪಂಚಮಿಗೆ ಅರಶಿನ ಎಲೆಯ ಗಟ್ಟಿ, ಅಷ್ಟಮಿಗೆ ಉಂಡೆ ಚಕ್ಕುಲಿ ಮತ್ತು ಮುಂಡುಗದ ಓಲೆಯಲ್ಲಿ ಬೆಂದ ಮೂಡೆ. ಬ್ಯಾರಿ ಮನೆಗಳಲ್ಲಿ ಪತ್ತಿರ್, ಪಿಂಡಿ. ಕ್ರೈಸ್ತರಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರ್, ಅಂದರೆ ನೆವ್ರಿ, ಕಿಡ್ಯೊ, ಗುಳಿಯೊ, ತುಕ್ಡಿ ಎಂದು ತಟ್ಟೆ ತುಂಬ. ಆ ತಟ್ಟೆ ನೆರೆಮನೆಗೆ ಹೋಗಿ ಬರಿದಾಗಿ ಹಿಂದೆ ಬರುತ್ತಿರಲಿಲ್ಲ. ಅಷ್ಟಮಿಯ ಉಂಡೆ ಆ ಮನೆಗೆ, ಡಿಸೆಂಬರಿನ ನೆವ್ರಿ ಈ ಮನೆಗೆ. ಗಮನಿಸಿ, ಇವುಗಳಲ್ಲಿ ಬಹುಪಾಲು ಅಕ್ಕಿ, ಕಾಯಿ, ಬೆಲ್ಲದಿಂದಲೇ ಆದದ್ದು. ಜಾತಿ ಮತ ಬೇರೆಯಾದರೂ ಎಲ್ಲರ ಮನೆಯಲ್ಲೂ ತಿರುಗುತ್ತಿದ್ದದ್ದು ಅದೇ ಕರಿಗಲ್ಲು.

ಈ ಕಲ್ಲನ್ನು ತಿರುಗಿಸಿದ ಕೈ ಯಾರದ್ದು? ನಮ್ಮ ಹಿರಿಯರ ಮಾತುಗಳಲ್ಲಿ ತಿಂಡಿಯ ರುಚಿಯ ವರ್ಣನೆ ಧಾರಾಳವಾಗಿ ಬರುತ್ತದೆ, ಕೈಯ ವಿಷಯ ಬರುವುದು ಕಡಿಮೆ.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಕ್ಕಲು ಧಣಿಗೆ ಗೇಣಿ ಅಳೆಯುತ್ತಿದ್ದದ್ದು ಅಕ್ಕಿಯ ಮುಡಿಗಳಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಅದರ ಅರ್ಥವನ್ನು ಮಾತ್ರ ಯೋಚಿಸಿದವರು ಕಡಿಮೆ. ಭತ್ತ ಕೊಟ್ಟರೆ ಸಾಲದು, ಅಕ್ಕಿಯನ್ನೇ ಕೊಡಬೇಕು. ಎಂದರೆ ಭತ್ತವನ್ನು ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಒರಳಿನಲ್ಲಿ ಕುಟ್ಟಿ, ಗೇರಿ, ಬೈಹುಲ್ಲಿನಲ್ಲಿ ಮುಡಿ ಕಟ್ಟುವ ತನಕದ ಕೆಲಸವೆಲ್ಲ ಗೇಣಿಯೊಳಗೆ ಸೇರಿತ್ತು. ಮುಡಿ ಕಟ್ಟುವುದು ಗಂಡಸರ ಕೆಲಸವಾದರೂ ಕುಟ್ಟಿ ಗೇರಿದ್ದು ಒಕ್ಕಲು ಮನೆಯ ಹೆಂಗಸರು. ಅವರ ಬೆವರಿಗೆ ಗೇಣಿ ಚೀಟಿನಲ್ಲಿ ಒಂದು ಕಾಲಮೂ ಇರಲಿಲ್ಲ. ಇದರಾಚೆ ಹಬ್ಬ, ಮದುವೆ, ಬೊಜ್ಜದ ದಿನಗಳಲ್ಲಿ ಧಣಿಯ ಮನೆಗೆ ಹೋಗಿ ಹೊರಗಿನ ಕೆಲಸ ಮಾಡಿಕೊಡಬೇಕಿತ್ತು. ಅವರು ಕುಟ್ಟಿದ ಅಕ್ಕಿ ಒಳಗೆ ಹೋಗುತ್ತಿತ್ತು, ಅವರು ಹೊಸ್ತಿಲಿನಾಚೆಯೇ ನಿಲ್ಲುತ್ತಿದ್ದರು. ಅವರಿಗಿಂತಲೂ ಕೆಳಗೆ ಮೂಲದಾಳುಗಳಿದ್ದರು. 1801ರಲ್ಲಿ ಮಂಗಳೂರಿಗೆ ಬಂದುಹೋದ ಫ್ರಾನ್ಸಿಸ್ ಬುಕಾನನ್ ಈ ಸೀಮೆಯ ಜೀತದವರ ವಿಷಯ ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. 1843ರ ಕಾನೂನು ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತು. ಆದರೂ ಜೀತಪದ್ಧತಿ ನಿರ್ಮೂಲನೆಗೆಂದೇ 1976ರಲ್ಲಿ ಮತ್ತೊಂದು ಕಾಯ್ದೆ ಬೇಕಾಯಿತು.

ಹೊಸ್ತಿಲಿನ ಒಳಗೂ ಸುಖವಿತ್ತೆಂದು ತಿಳಿಯಬೇಡಿ. ಮೇಲ್ಜಾತಿಯ ಮನೆಗಳಲ್ಲಿ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅತ್ತೆಯೋ ದೊಡ್ಡಮ್ಮನೋ ಒಬ್ಬರು ಇದ್ದೇ ಇರುತ್ತಿದ್ದರು. ಮಡಿಯಲ್ಲಿ ಹಪ್ಪಳ ಒತ್ತಿದ್ದು, ಮಿಡಿ ಹಾಕಿದ್ದು, ಬಾಣಂತಿಗೆ ಲೇಹ್ಯ ಕಾಸಿದ್ದು ಅವರೇ. ‘ಅವಳ ಕೈರುಚಿ ಯಾರಿಗೂ ಬಾರದು’ ಎಂದು ಹೊಗಳಿದ ಮನೆಯವರು ಅವರ ಕೈಗೆ ನಾಲ್ಕಾಣೆ ಕೊಟ್ಟದ್ದು ಅಪರೂಪ. ಹಳೆಯ ರುಚಿಗಳೆಲ್ಲ ಹೋದವು ಎಂದು ಈಗ ಮರುಗುವವರು ಈ ಎರಡು ಬಗೆಯ ಹೆಂಗಸರನ್ನು ಒಮ್ಮೆ ನೆನೆಯಲಿ ಎಂದು ನಮಗೆ ಅನಿಸುತ್ತದೆ.

ಬದಲಾವಣೆ ಬಂದದ್ದು ಅಡುಗೆಮನೆಯ ಹೊರಗಿನಿಂದ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಳಿಹುಲ್ಲಿನ ಮಾಡು ಹೋಗಿ ಕ್ರಮೇಣ ಹಂಚಿನ ಮಾಡು ಬಂತು. ಒಲೆಯ ಕಿಡಿಯ ಭಯ ಕಡಿಮೆಯಾಯಿತು, ನಡುವೆ ಒಂದು ಗಾಜಿನ ಹಂಚು ಇಟ್ಟರೆ ಕತ್ತಲೆಯ ಅಡುಗೆಕೋಣೆಗೆ ಬೆಳಕೂ ಬಿತ್ತು. ಅದಕ್ಕಿಂತ ದೊಡ್ಡದು, ಹೆಂಗಸರಿಗೆ ಮನೆಯ ಹೊರಗೆ ಕೂಲಿಯ ಕೆಲಸ ಸಿಕ್ಕಿದ್ದು. ಹಂಚಿನ ಕಾರ್ಖಾನೆ, 1920ರ ದಶಕದಿಂದ ಗೇರುಬೀಜದ ಕಾರ್ಖಾನೆ, ಆಮೇಲೆ ಬೀಡಿ. ಬೀಡಿಯಂತೂ ಜಗಲಿಗೇ ಬಂತು. ಎಲೆ ಕತ್ತರಿಸುವ ಕತ್ತರಿ, ತೆಂಡೆ ಹೊಗೆಸೊಪ್ಪಿನ ತಡ್ಪೆ ಮಡಿಲಿಗೆ ಬಂದ ಮೇಲೆ ಕಡೆಯುವ ಕಲ್ಲಿನ ಮುಂದೆ ಎರಡು ಗಂಟೆ ಕೂರುವುದೆಂದರೆ ನೂರಾರು ಬೀಡಿಯ ಮಜೂರಿ ನಷ್ಟ. ಮೊದಲ ಸಲ ನಮ್ಮ ಹೆಂಗಸರ ಹೊತ್ತಿಗೆ ಒಂದು ಬೆಲೆ ಬಂದದ್ದು ಹೀಗೆ. ಬೀಡಿಯಿಂದ ಎದೆ ಕೆಟ್ಟದ್ದೂ ನಿಜ, ಬೆನ್ನು ಬಾಗಿದ್ದೂ ನಿಜ. ಆದರೆ ಶನಿವಾರದ ಮಜೂರಿ ಅವರ ಕೈಗೇ ಬರುತ್ತಿತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಸುತ್ತುವವರನ್ನೂ ಕಾರ್ಮಿಕರೆಂದು ಒಪ್ಪಿತು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು, ದೇವರಾಜ ಅರಸರ ಕಾಲದಲ್ಲಿ ಒಕ್ಕಲುಗಳು ಡಿಕ್ಲರೇಶನ್ ಹಾಕಿ ಭೂಮಿ ಪಡೆದರು. ಗೇಣಿ ಅಕ್ಕಿ ನಿಂತಿತು, ಅದರ ಜೊತೆಗೆ ಧಣಿಯ ಮನೆಯ ಬಿಟ್ಟಿ ಕೆಲಸವೂ ನಿಂತಿತು. ಎಷ್ಟೋ ದೊಡ್ಡ ಮನೆಗಳಲ್ಲಿ ಒಡತಿಯರು ಮೊದಲ ಬಾರಿಗೆ ಒನಕೆಯ ಭಾರ ಎಷ್ಟೆಂದು ತಿಳಿದದ್ದು ಆಮೇಲೆಯೇ. ಅಷ್ಟರಲ್ಲಿ ಅಕ್ಕಿ ಮಿಲ್ಲುಗಳು ಬಂದಿದ್ದವು, ಪುಣ್ಯ.

ಯಂತ್ರಗಳ ಕತೆಯನ್ನು ಉದ್ದ ಮಾಡುವುದಿಲ್ಲ. ಕೊಯಮತ್ತೂರಿನಲ್ಲಿ ಸಭಾಪತಿ ಎಂಬವರು 1955ರಲ್ಲಿ ವಿದ್ಯುತ್ತಿನಿಂದ ತಿರುಗುವ ಕಡೆಯುವ ಕಲ್ಲನ್ನು ಮಾಡಿದರು. ನಮ್ಮ ಕಲ್ಲಿನಲ್ಲಿ ಗುಂಡು ತಿರುಗಿದರೆ ಅವರದ್ದರಲ್ಲಿ ಕೆಳಗಿನ ಕಲ್ಲೇ ತಿರುಗುತ್ತದೆ, ಗುಂಡು ನಿಂತಲ್ಲಿ ನಿಂತಿರುತ್ತದೆ, ವ್ಯತ್ಯಾಸ ಇಷ್ಟೇ. 1959ರ ಹೊತ್ತಿಗೆ ಪ್ರೆಶರ್ ಕುಕ್ಕರು, 1963ರಲ್ಲಿ ಸುಮೀತ್ ಮಿಕ್ಸಿ. ವಿದೇಶದ ಮಾದರಿಯ ಮಿಕ್ಸಿಗಳಿಗೆ ಹಣ್ಣಿನ ರಸ ತೆಗೆದು ಗೊತ್ತಿತ್ತು, ನೆನೆದ ಅಕ್ಕಿ, ಒಣ ಅರಶಿನ ಹಾಕಿದರೆ ಮೋಟಾರು ಸುಟ್ಟುಹೋಗುತ್ತಿತ್ತು. ಸುಮೀತ್ ನಮ್ಮ ಅಡುಗೆಗೆಂದೇ ತಯಾರಾದದ್ದು, ಹಾಗಾಗಿ ನಿಂತಿತು. ಆದರೂ ಪೇಟೆಯಲ್ಲಿ ಮರದ ಹುಡಿಯ ಒಲೆಗಳು ಬಹಳ ಕಾಲ ಉಳಿದುಕೊಂಡವು, ಹಳ್ಳಿಗಳಲ್ಲಿ ಅಸ್ತ್ರ ಒಲೆ 1980ರ ದಶಕದಲ್ಲಿ ಹೊಗೆಯನ್ನು ಮಾಡಿನಾಚೆ ಕಳಿಸಿತು. ಮೇಜಿನ ಮೇಲೆ ಕೂರುವ ಪುಟ್ಟ ಗ್ರೈಂಡರು 1990ರ ದಶಕದಲ್ಲಿ ಬಂದ ಮೇಲೆಯೇ ಕಡೆಯುವ ಕಲ್ಲು ಅಂಗಳಕ್ಕೆ ಬಿದ್ದದ್ದು. ಗ್ರೈಂಡರಿನ ಹಿಟ್ಟಿಗೆ ಕಲ್ಲಿನ ರುಚಿ ಇಲ್ಲ ಎಂದು ಹೇಳುವವರು ಈಗಲೂ ಉಂಟು. ಹಾಗೆ ಹೇಳುವವರಲ್ಲಿ ಕಲ್ಲು ತಿರುಗಿಸಿದವರನ್ನು ನಾವು ಕಂಡದ್ದು ಕಡಿಮೆ.

ಹಾಗಾದರೆ ಮನೆಯ ತಿಂಡಿ ಎಲ್ಲಿಗೆ ಹೋಯಿತು? ಅದು ಅಂಗಡಿಗೆ ಹೋಯಿತು. ಹೋದದ್ದು ಒಳ್ಳೆಯದೇ ಎಂದು ನಮ್ಮ ಅಭಿಪ್ರಾಯ. ಮುಂಬಯಿಯ ಗಿರ್ಗಾಂವಿನಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಕಟ್ಟಡದ ಮಾಳಿಗೆಯಲ್ಲಿ ಹಪ್ಪಳ ಲಟ್ಟಿಸಿದರು. ಅದೇ ಮುಂದೆ ಲಿಜ್ಜತ್ ಎಂದು ದೇಶಕ್ಕೆಲ್ಲ ಗೊತ್ತಾಯಿತು. ದುಡಿಯುವವರೇ ಒಡತಿಯರು ಎಂಬುದು ಅದರ ನಿಯಮ. ಸಹಕಾರದ ಈ ಮಾತು ನಮ್ಮ ಊರಿಗೆ ಹೊಸತಲ್ಲ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿ, ಮುಂದೆ ಕೈಕಸುಬಿನವರಿಗೆ ಮಾರುಕಟ್ಟೆ ಒದಗಿಸಲು ಜೀವ ತೇಯ್ದರು. ಜಿಲ್ಲೆಯಲ್ಲಂತೂ ಮೊಳಹಳ್ಳಿ ಶಿವರಾಯರು ಊರೂರು ತಿರುಗಿ ಸಂಘಗಳನ್ನು ಕಟ್ಟಿದ್ದು, 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದು ಎಲ್ಲರೂ ಬಲ್ಲ ವಿಷಯ. ಆದರೆ ನೇರವಾಗಿ ಹೇಳಬೇಕೆಂದರೆ, ಆ ಕಾಲದ ಸಾಲ ಸಿಗುತ್ತಿದ್ದದ್ದು ಜಮೀನಿನ ಆಧಾರದ ಮೇಲೆ, ಜಮೀನಿನ ಪಟ್ಟೆ ಇದ್ದದ್ದು ಗಂಡಸರ ಹೆಸರಿನಲ್ಲಿ. ಹಪ್ಪಳ ಒತ್ತುವವಳ ಹತ್ತಿರ ಅಡವಿಡಲು ಎರಡು ಕೈಗಳ ಹೊರತು ಏನಿತ್ತು?

1992ರಲ್ಲಿ ನಬಾರ್ಡು ಸ್ವಸಹಾಯ ಗುಂಪುಗಳಿಗೆ ಬ್ಯಾಂಕಿನಿಂದ ಸಾಲ ಕೊಡಿಸುವ ಯೋಜನೆ ಆರಂಭಿಸಿತು. 2000-01ರಲ್ಲಿ ರಾಜ್ಯ ಸರಕಾರದ ಸ್ತ್ರೀಶಕ್ತಿ ಬಂತು. ನಮ್ಮ ಜಿಲ್ಲೆಯಲ್ಲಿ ಕೇಂದ್ರ ಸಹಕಾರಿ ಬ್ಯಾಂಕಿನ ಆಶ್ರಯದ ನವೋದಯ ಗುಂಪುಗಳು, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಗುಂಪುಗಳು ಮನೆಮನೆಗೆ ತಲುಪಿದವು. ಗುಂಪಿನ ಸಾಲದಲ್ಲಿ ಬಂದದ್ದು ಏನೆಂದು ನೋಡಿದರೆ ದೊಡ್ಡ ಗ್ರೈಂಡರು, ಸೇಮಿಗೆ ಯಂತ್ರ, ಚಕ್ಕುಲಿ ಒತ್ತುವ ಯಂತ್ರ, ಕೋರಿರೊಟ್ಟಿಯ ಕಾವಲಿ. ಆ ಮನೆಯೊಳಗಿನ ವಿದ್ಯೆಯೇ ಈಗ ಚೀಟಿ ಅಂಟಿಸಿಕೊಂಡು ಸೆಂಟ್ರಲ್ ಮಾರ್ಕೆಟಿನ ಸುತ್ತಲಿನ ಅಂಗಡಿಗಳಿಗೂ ಹಲಸು ಮೇಳಗಳಿಗೂ ಹೋಗುತ್ತಿದೆ. ಕುಸ್ವಾರ್ ಮಾಡಲು ಪುರುಸೊತ್ತಿಲ್ಲದವರು ಡಿಸೆಂಬರಿನಲ್ಲಿ ಮುಂಗಡ ಹೇಳಿ ತರಿಸುತ್ತಾರೆ. ಅಮ್ಮನ ಕೈಯ ಉಪ್ಪಿನಕಾಯಿ ಹಿಂದೆ ಬಸ್ಸು ಹತ್ತಿ ಮುಂಬಯಿಗೆ, ವಿಮಾನ ಹತ್ತಿ ಕೊಲ್ಲಿ ರಾಷ್ಟ್ರಗಳಿಗೆ ಮಕ್ಕಳ ಬೆನ್ನ ಹಿಂದೆ ಹೋದದ್ದೇ, ಹಣಕ್ಕೆ ಮಾತ್ರ ಹೋಗಿರಲಿಲ್ಲ. ಈಗ ಹೋಗುತ್ತದೆ.

ಇನ್ನೊಂದು ಕಡೆ, ಬೇರೆಯವರ ಮನೆಯ ಅಡುಗೆಕೋಣೆಯಲ್ಲಿ ದುಡಿಯುವವರ ವಿಷಯ ಉಳಿದಿದೆ. ಪಾತ್ರೆ ತೊಳೆಯುವ, ನೆಲ ಒರೆಸುವ, ಮಕ್ಕಳನ್ನೂ ಮುದುಕರನ್ನೂ ನೋಡಿಕೊಳ್ಳುವ ಹೆಂಗಸರು ಬೆಳಗ್ಗಿನ ಮೊದಲ ಬಸ್ಸಿಗೆ ಪೇಟೆಗೆ ಹೋಗುವುದನ್ನು ನಾವು ದಿನವೂ ಕಾಣುತ್ತೇವೆ. ಅವರಲ್ಲಿ ನಮ್ಮ ಸದಸ್ಯರೂ ಇದ್ದಾರೆ, ಅವರನ್ನು ಕೆಲಸಕ್ಕೆ ಕರೆಯುವವರೂ ನಮ್ಮ ಸದಸ್ಯರೇ. ಕರ್ನಾಟಕ ಸರಕಾರ 2004ರಲ್ಲಿ ಮನೆಕೆಲಸದವರನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿತು, ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ರಾಜ್ಯ ನಮ್ಮದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇಂಥದ್ದೇ ಒಪ್ಪಂದ ಮಾಡಿದ್ದು 2011ರಲ್ಲಿ. ಕಾಗದದಲ್ಲಿ ಇಷ್ಟು ಆಗಿದೆ. ವಾರದ ರಜೆ, ಜಡ್ಡು ಬಿದ್ದ ದಿನದ ಸಂಬಳ, ಕೂತು ಉಣ್ಣಲು ಒಂದು ಕುರ್ಚಿ, ಇವು ಮನೆ ಮನೆಯಲ್ಲಿ ತೀರ್ಮಾನವಾಗುವ ವಿಷಯಗಳಾಗಿಯೇ ಉಳಿದಿವೆ.

ಹಪ್ಪಳ, ಚಕ್ಕುಲಿ, ಉಪ್ಪಿನಕಾಯಿ ಮಾಡಿ ಮಾರುವ ಸಹೋದರಿಯರಿಗೆ ಒಂದು ವ್ಯವಹಾರದ ಮಾತು. 2006ರ ಆಹಾರ ಸುರಕ್ಷತಾ ಕಾಯ್ದೆ 2011ರಿಂದ ಜಾರಿಗೆ ಬಂದ ಮೇಲೆ ಮನೆಯಲ್ಲಿ ತಯಾರಿಸಿ ಮಾರುವವರೂ ನೋಂದಣಿ ಮಾಡಿಸಬೇಕು, ಕಟ್ಟಿನ ಮೇಲೆ ತಯಾರಾದ ದಿನ, ತೂಕ ಬರೆಯಬೇಕು. ನೋಂದಣಿಯನ್ನು ದುಡಿಯುವವರ ಹೆಸರಿನಲ್ಲೇ ಮಾಡಿಸಿ, ಮಾರಿದ ಹಣವೂ ಆ ಹೆಸರಿನ ಪಾಸ್‌ಬುಕ್ಕಿಗೇ ಬೀಳಲಿ. ಗಂಡನ ಖಾತೆ ಇದೆಯಲ್ಲ, ಬೇರೆ ಯಾಕೆ ಎಂದು ಕೇಳುವವರಿದ್ದರೆ ಒಂದು ಬೇಸಿಗೆಯ ಹಪ್ಪಳಕ್ಕೆ ಎಷ್ಟು ಹಲಸು, ಎಷ್ಟು ದಿನ, ಯಾರ ಕೈ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟು ತೋರಿಸಿ.